ಕಂಪ್ಯೂಟರ್‌ನಲ್ಲಿ ಬ್ಲೂ-ರೇ ಓಡುತ್ತಿಲ್ಲವೇ? ತೊಂದರೆ ಎಲ್ಲಿದೆ ಅಂತ ಹುಡುಕುವ ಸಮಗ್ರ ಮಾರ್ಗದರ್ಶಿ

ಡಿಸ್ಕ್ ಹಾಕಿದಿರಿ. ಡ್ರೈವ್ ಗುಂಯ್ ಅಂತ ತಿರುಗಿತು. ಸಾಫ್ಟ್‌ವೇರ್ ತೆರೆದುಕೊಂಡಿತು. ಅಷ್ಟೇ, ಆಮೇಲೆ ಕಪ್ಪು ಪರದೆ. ಇಲ್ಲವೇ ಅರ್ಥವಾಗದ ನಂಬರ್ ಇರುವ ಒಂದು ಎರರ್. ಆಗ ಹೆಚ್ಚಿನವರು ಸಾಫ್ಟ್‌ವೇರ್ ಕಿತ್ತು ಮತ್ತೆ ಹಾಕುತ್ತಾರೆ. ಅದರಿಂದಲೂ ಆಗದಿದ್ದರೆ ಇಡೀ ವಿಂಡೋಸನ್ನೇ ಹೊಸದಾಗಿ ಹಾಕುತ್ತಾರೆ. ತೊಂದರೆ ಕೇಬಲ್‌ನಲ್ಲಿದ್ದರೆ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಬ್ಲೂ-ರೇ ಓಡಬೇಕಾದರೆ ಡಿಸ್ಕ್, ಡ್ರೈವ್, ಅದರ ಕೇಬಲ್, ಸಾಫ್ಟ್‌ವೇರ್, ಸಾಫ್ಟ್‌ವೇರ್ ಒಳಗಿನ ಕೀಲಿ, ಗ್ರಾಫಿಕ್ಸ್, ಎಚ್‌ಡಿಎಂಐ ವೈರ್, ಪರದೆ ಎಲ್ಲವೂ ಒಪ್ಪಬೇಕು. ಒಂದು ಮುನಿಸಿಕೊಂಡರೂ ಸಿನಿಮಾ ಇಲ್ಲ. ಆದರೆ ಇವುಗಳಲ್ಲಿ ಮಾತಾಡಲು ಬರುವುದು ಸಾಫ್ಟ್‌ವೇರ್‌ಗೆ ಮಾತ್ರ. ಹಾಗಾಗಿ ತಪ್ಪು ಯಾರದ್ದೇ ಆದರೂ ಎರರ್ ಬರುವುದು ಅದರ ಬಾಯಿಂದ, ಬೈಗುಳ ಬೀಳುವುದೂ ಅದಕ್ಕೇ. ಏನನ್ನೂ ಕೀಳುವ ಮೊದಲು ಯಾವ ಕೊಂಡಿ ಕೈಕೊಟ್ಟಿದೆ ಅಂತ ನೋಡೋಣ. ಕೆಳಗಿನ ಕ್ರಮದಲ್ಲೇ ಹೋಗಿ. ಖರ್ಚಿಲ್ಲದ ಪರೀಕ್ಷೆಗಳನ್ನು ಮುಂದೆ ಇಟ್ಟಿದ್ದೇನೆ.

ಹೆಜ್ಜೆ 1: ನಿಮ್ಮದು ನಿಜವಾಗಿಯೂ ಬ್ಲೂ-ರೇ ಡ್ರೈವ್ ತಾನೇ?

ನಗಬೇಡಿ. ಡಿವಿಡಿ ಡ್ರೈವೂ ಬ್ಲೂ-ರೇ ಡ್ರೈವೂ ಹೊರಗಿನಿಂದ ಒಂದೇ ತರ ಇರುತ್ತವೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಟ್ರೇ ಮುಂಭಾಗದಲ್ಲಿ ಬ್ಲೂ-ರೇ ಗುರುತು ಇದೆಯೇ ನೋಡಿ. ಆಮೇಲೆ ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಡಿವೈಸ್ ಮ್ಯಾನೇಜರ್ ತೆರೆದು, ಡಿವಿಡಿ/ಸಿಡಿ-ರಾಮ್ ಡ್ರೈವ್ಸ್ ಅನ್ನುವುದನ್ನು ಬಿಡಿಸಿ. ಡ್ರೈವ್ ಹೆಸರಿನಲ್ಲಿ ‘ಬಿಡಿ’ ಅಕ್ಷರಗಳು ಇರಬೇಕು: ಬಿಡಿ-ರಾಮ್, ಬಿಡಿ-ಆರ್‌ಇ, ಬಿಡಿ-ಆರ್‌ಡಬ್ಲ್ಯೂ ಹೀಗೆ. ಬರೀ ಡಿವಿಡಿ-ರಾಮ್ ಅಥವಾ ಡಿವಿಡಿಆರ್‌ಡಬ್ಲ್ಯೂ ಅಂತಿದ್ದರೆ ಹೆಚ್ಚಿನ ಮಟ್ಟಿಗೆ ಅದು ಡಿವಿಡಿ ಡ್ರೈವ್. ಮಾಡೆಲ್ ನಂಬರ್ ಹುಡುಕಿ ಖಚಿತ ಮಾಡಿಕೊಳ್ಳಿ.

ಡಿವಿಡಿ ಓದುವುದು 650 ನ್ಯಾನೋಮೀಟರ್‌ನ ಕೆಂಪು ಲೇಸರ್. ಬ್ಲೂ-ರೇ ಓದುವುದು 405 ನ್ಯಾನೋಮೀಟರ್‌ನ ನೀಲಿ-ನೇರಳೆ ಲೇಸರ್. ಕೆಂಪು ಲೇಸರ್ ಮಾತ್ರ ಇರುವ ಡ್ರೈವ್‌ಗೆ ಯಾವ ಸಾಫ್ಟ್‌ವೇರ್ ಹಾಕಿದರೂ ಬ್ಲೂ-ರೇ ಓದಲು ಬರುವುದಿಲ್ಲ. ಇದರಿಂದಲೇ ಇನ್ನೊಂದು ಸುಲಭದ ಪರೀಕ್ಷೆಯೂ ಸಿಗುತ್ತದೆ. ಬ್ಲೂ-ರೇ ಡ್ರೈವ್‌ನಲ್ಲಿ ಡಿವಿಡಿ ಚೆನ್ನಾಗಿ ಓಡುತ್ತದೆ, ಆದರೆ ಯಾವ ಬ್ಲೂ-ರೇ ಹಾಕಿದರೂ ಕಾಣಿಸುವುದೇ ಇಲ್ಲ ಅಂದರೆ, ನೀಲಿ ಲೇಸರ್ ಸೋತಿದೆ ಅಥವಾ ಅದರ ಮಸೂರದ ಮೇಲೆ ಕೊಳೆ ಕೂತಿದೆ ಅಂತ ಅನುಮಾನಿಸಬಹುದು.

ಹಳೆ ಡಬ್ಬದಲ್ಲಿ ಎಚ್‌ಡಿ ಡಿವಿಡಿ ಅನ್ನುವ ಡಿಸ್ಕ್ ಸಿಕ್ಕಿತೇ? ಅದು ಬೇರೆಯೇ ಜಾತಿ. 2008ರ ಫೆಬ್ರುವರಿಯಲ್ಲಿ ತೋಷಿಬಾ ಅದನ್ನು ಕೈಬಿಟ್ಟಿತು. ಸಾಮಾನ್ಯ ಬ್ಲೂ-ರೇ ಡ್ರೈವ್‌ನಲ್ಲಿ ಅದು ಓಡುವುದಿಲ್ಲ.

ಹೆಜ್ಜೆ 2: ಸಾಫ್ಟ್‌ವೇರ್ ಬಿಟ್ಟು ಡಿಸ್ಕ್ ಓದಿಸಿ ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹೆಜ್ಜೆ ಮಾಡುವಷ್ಟು ತಾಳ್ಮೆ ಇದ್ದರೆ ಇದನ್ನು ಮಾಡಿ.

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಡಿಸ್ಕ್ ತೆರೆಯಿರಿ. ಬಿಡಿಎಂವಿ ಅನ್ನುವ ಫೋಲ್ಡರ್ ಕಾಣಬೇಕು. ಅದರೊಳಗೆ ಸ್ಟ್ರೀಮ್ ಅನ್ನುವ ಫೋಲ್ಡರ್ ಇರುತ್ತದೆ. ಅಲ್ಲಿರುವ ಅತಿ ದೊಡ್ಡ ಫೈಲನ್ನು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಲು ಶುರು ಮಾಡಿ. ಇಪ್ಪತ್ತು-ಮೂವತ್ತು ಜಿಬಿ ಇರಬಹುದು, ಪೂರ್ತಿ ಮಾಡಬೇಕಿಲ್ಲ. ಕೆಲವು ನಿಮಿಷ ವೇಗದ ಗ್ರಾಫ್ ನೋಡಿ, ರದ್ದು ಮಾಡಿ, ಅರ್ಧ ಉಳಿದ ಫೈಲ್ ಇದ್ದರೆ ಅಳಿಸಿ. ಬೀಗ ಹಾಕಿದ ಫೈಲ್ ಆದ್ದರಿಂದ ಈ ಕಾಪಿ ಸುಮ್ನೆ ಹಾಗೇ ಓಡುವುದೂ ಇಲ್ಲ. ನಮಗೆ ಬೇಕಿರುವುದು ಡ್ರೈವ್ ಓದುತ್ತದೆಯೇ ಇಲ್ಲವೇ ಅನ್ನುವ ಉತ್ತರ ಮಾತ್ರ.

ಬ್ಲೂ-ರೇಯ ಒಂದು ಪಟ್ಟು ವೇಗ ಅಂದರೆ ಸೆಕೆಂಡಿಗೆ 36 ಮೆಗಾಬಿಟ್, ಸುಮಾರು 4.5 ಎಂಬಿ. ಸಿನಿಮಾ ಡಿಸ್ಕ್ ಹೆಚ್ಚೆಂದರೆ 54 ಮೆಗಾಬಿಟ್, ಅಂದರೆ 6.75 ಎಂಬಿ ಕೇಳಬಹುದು. ಕಾಪಿ ವೇಗ ಇದಕ್ಕಿಂತ ಮೇಲೆ ಸ್ಥಿರವಾಗಿ ನಿಂತಿದ್ದರೆ ಡಿಸ್ಕೂ ಡ್ರೈವೂ ಸರಿ ಇವೆ ಅಂತ ತಿಳಿದು ನೇರ ಹೆಜ್ಜೆ 3ಕ್ಕೆ ಹೋಗಿ. ವೇಗ ಆಗಾಗ ಸೊನ್ನೆಗೆ ಬೀಳುತ್ತಿದ್ದರೆ, ಅಥವಾ ಫೋಲ್ಡರೇ ಕಾಣದಿದ್ದರೆ, ಸಾಫ್ಟ್‌ವೇರ್ ಮುಟ್ಟಬೇಡಿ. ತೊಂದರೆ ಅಲ್ಲಿಲ್ಲ.

ಮೊದಲು ಡಿಸ್ಕ್ ಒರೆಸಿ. ಕನ್ನಡಕ ಒರೆಸುವಂಥ ಮೆತ್ತನೆಯ ಬಟ್ಟೆ ತಗೊಂಡು, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಗುಂಡಗೆ ಉಜ್ಜಬಾರದು. ಸಿಡಿ ಗೀರಿಗೆ ಟೂತ್‌ಪೇಸ್ಟ್ ಹಚ್ಚುವ ಹಳೆ ಉಪಾಯವನ್ನು ಇಲ್ಲಿ ಮರೆತುಬಿಡಿ. ಡಿವಿಡಿಯಲ್ಲಿ ಮಾಹಿತಿಯ ಪದರದ ಮುಂದೆ 0.6 ಮಿಲಿಮೀಟರ್ ಪ್ಲಾಸ್ಟಿಕ್ ಇರುತ್ತದೆ. ಬ್ಲೂ-ರೇಯಲ್ಲಿ ಇರುವುದು 0.1 ಮಿಲಿಮೀಟರ್ ಮಾತ್ರ. ಅದರ ಮೇಲೆ ಗೀರು ತಡೆಯುವ ಗಟ್ಟಿ ಲೇಪನ ಬೇರೆ. ಪೇಸ್ಟ್ ಹಾಕಿ ಉಜ್ಜಿದರೆ ಹೋಗುವುದು ಗೀರಲ್ಲ, ಆ ಲೇಪನ. ಕರಾವಳಿ, ಮಲೆನಾಡಿನ ಕಡೆ ಮಳೆಗಾಲ ಕಳೆದ ಮೇಲೆ ಡಿಸ್ಕ್ ಮೇಲೆ ಬೂಷ್ಟು ಹಿಡಿದಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಸುಕು ಚುಕ್ಕೆಗಳಾಗಿ ಕಾಣುತ್ತದೆ. ಸ್ವಲ್ಪ ನೀರು ಮುಟ್ಟಿಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ ಹಾಕಿ.

ಡ್ರೈವ್ ಹೊರಗಿನ ಯುಎಸ್‌ಬಿ ಜಾತಿಯದಾದರೆ ಕರೆಂಟ್ ಸಾಲುತ್ತಿಲ್ಲದಿರಬಹುದು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್, 3.0 ಪೋರ್ಟ್ 900. ತೆಳು ಡ್ರೈವ್‌ಗಳು ತಿರುಗಲು ಶುರು ಮಾಡುವಾಗ ಇದಕ್ಕಿಂತ ಹೆಚ್ಚು ಎಳೆಯಬಹುದು. ಲಕ್ಷಣ ಗುರುತಿಸುವುದು ಸುಲಭ: ಡ್ರೈವ್ ತಿರುಗಲು ಹೊರಟು, ಕಟ್ ಅಂತ ಸದ್ದು ಮಾಡಿ ನಿಲ್ಲುತ್ತದೆ. ವಿಂಡೋಸ್‌ನಿಂದ ಡ್ರೈವ್ ಬಂದು ಹೋದ ಟಣ್ ಸದ್ದು ಮತ್ತೆ ಮತ್ತೆ ಕೇಳುತ್ತದೆ. ಯುಎಸ್‌ಬಿ ಹಬ್ ಬಿಟ್ಟು ಕಂಪ್ಯೂಟರ್‌ಗೇ ನೇರವಾಗಿ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟ್ ಬಳಸಿ. ಡ್ರೈವ್ ಜೊತೆ ಎರಡು ಬಾಲದ ಕೇಬಲ್ ಕೊಟ್ಟಿದ್ದರೆ ಎರಡನ್ನೂ ಚುಚ್ಚಬೇಕು. ಎರಡನೆಯದು ಅಲಂಕಾರಕ್ಕಲ್ಲ.

ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್ ಮೇಲೆ ಹಳದಿ ಗುರುತು ಬಂದು ಕೋಡ್ 19, 31 ಅಥವಾ 39 ಅಂತಿದ್ದರೆ ಅದು ಬೇರೆ ಕಥೆ. ಡಿಸ್ಕ್ ಬರೆಯುವ ಹಳೆ ಸಾಫ್ಟ್‌ವೇರ್‌ಗಳು ತೆಗೆದುಹಾಕಿದ ಮೇಲೂ, ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಅನ್ನುವ ಎರಡು ನಮೂದು ಬಿಟ್ಟು ಹೋಗಿರುತ್ತವೆ. ರಿಜಿಸ್ಟ್ರಿಯ ಕ್ಲಾಸ್ ವಿಭಾಗದಲ್ಲಿ 4ಡಿ36ಇ965 ಎಂದು ಶುರುವಾಗುವ ಕೀಲಿಯೊಳಗೆ (ಇಲ್ಲಿ ಕೀಲಿ ಅಂದರೆ ಫೋಲ್ಡರ್ ತರದ್ದು) ಇವು ಸಿಗುತ್ತವೆ. ಮೊದಲು ಆ ಕೀಲಿಯನ್ನು ಎಕ್ಸ್‌ಪೋರ್ಟ್ ಮಾಡಿ ಉಳಿಸಿಕೊಳ್ಳಿ, ಆಮೇಲೆ ಎರಡು ನಮೂದನ್ನೂ ಅಳಿಸಿ ರೀಸ್ಟಾರ್ಟ್ ಮಾಡಿ. ಪಕ್ಕದ ಕೀಲಿಯಲ್ಲೂ ಇದೇ ಹೆಸರಿನ ನಮೂದು ಇರಬಹುದು, ಅದು ಹಾರ್ಡ್ ಡಿಸ್ಕಿನದು. ಅದಕ್ಕೆ ಕೈ ಹಾಕಿದರೆ ಕಂಪ್ಯೂಟರ್ ಏಳದೇ ಹೋಗಬಹುದು. ರಿಜಿಸ್ಟ್ರಿ ಅಂದರೆ ಭಯ ಇರುವವರು ತಿಳಿದವರನ್ನು ಕೂರಿಸಿಕೊಂಡೇ ಮಾಡಿ.

ಹೆಜ್ಜೆ 3: ಸಾಫ್ಟ್‌ವೇರ್ ಮತ್ತು ಅದರ ಕೀಲಿ

ವಿಂಡೋಸ್ 10 ಮತ್ತು 11ರ ಜೊತೆ ಬ್ಲೂ-ರೇ ಸಿನಿಮಾ ಓಡಿಸುವ ಸಾಫ್ಟ್‌ವೇರ್ ಬರುವುದೇ ಇಲ್ಲ. ಮ್ಯಾಕ್‌ನಲ್ಲೂ ಅಷ್ಟೇ. ದುಡ್ಡು ಕೊಟ್ಟು ಕೊಳ್ಳಬೇಕು, ಅಥವಾ ಡ್ರೈವ್ ಜೊತೆ ಬಂದದ್ದನ್ನು ಬಳಸಬೇಕು. ಕೊಂಡಾಗಲೂ ಯಾವ ಆವೃತ್ತಿ ಅಂತ ನೋಡಿ. ಉದಾಹರಣೆಗೆ ಪವರ್‌ಡಿವಿಡಿಯ ಸ್ಟ್ಯಾಂಡರ್ಡ್ ಆವೃತ್ತಿ ಡಿವಿಡಿಗೆ ಮಾತ್ರ. ಬ್ಲೂ-ರೇಗೆ ಮೇಲಿನ ದರ್ಜೆ ಬೇಕು. ಡ್ರೈವ್ ಜೊತೆ ಪುಕ್ಕಟೆ ಬಂದ ಆವೃತ್ತಿಗಳಲ್ಲಿ ಕೆಲವು ಸೌಲಭ್ಯ ಕತ್ತರಿಸಿರುತ್ತಾರೆ. ಕೆಲವಂತೂ ಆ ಬ್ರ್ಯಾಂಡ್ ಡ್ರೈವ್ ಬಿಟ್ಟು ಬೇರೆಯದನ್ನು ಒಪ್ಪುವುದೂ ಇಲ್ಲ.

ಈಗ ಮುಖ್ಯ ವಿಷಯ. ಸಿನಿಮಾ ಬ್ಲೂ-ರೇಗಳಿಗೆ ಎಎಸಿಎಸ್ ಅನ್ನುವ ಬೀಗ ಇರುತ್ತದೆ. ಪ್ರತಿ ಸಾಫ್ಟ್‌ವೇರ್ ಒಳಗೂ ಆ ಬೀಗಕ್ಕೆ ಕೀಲಿ ಇರುತ್ತದೆ. ಆ ಕೀಲಿಗೆ ವಯಸ್ಸಿದೆ, ರದ್ದು ಮಾಡುವ ಅಧಿಕಾರವೂ ಬೀಗದ ಮಾಲೀಕರ ಕೈಯಲ್ಲಿದೆ. 2007ರಲ್ಲಿ ವಿನ್‌ಡಿವಿಡಿ ಅನ್ನುವ ಸಾಫ್ಟ್‌ವೇರ್‌ನ ಕೀಲಿ ಹೊರಗೆ ಸೋರಿದಾಗ ಆಗಿದ್ದು ಇದೇ. ಹಳೆ ಕೀಲಿ ರದ್ದಾಯಿತು, ಅಪ್‌ಡೇಟ್ ಹಾಕಿಕೊಳ್ಳದವರಿಗೆ ಹೊಸ ಡಿಸ್ಕ್‌ಗಳು ಮುಚ್ಚಿಹೋದವು.

ಇದರಿಂದ ಬರುವ ಎರಡು ಲಕ್ಷಣಗಳನ್ನು ಬೇರೆ ಬೇರೆಯಾಗಿ ಗುರುತಿಸಿ. ಹಳೆ ಸಿನಿಮಾ ಓಡುತ್ತದೆ, ಹೊಸದಾಗಿ ಬಿಡುಗಡೆಯಾದದ್ದು ಮಾತ್ರ ಓಡುವುದಿಲ್ಲ ಅಂದರೆ ಕೀಲಿ ಹಳತಾಗಿದೆ. ಇದು ಎಲ್ಲರಿಗೂ ಅರ್ಥವಾಗುತ್ತದೆ. ತಲೆ ಕೆಡಿಸುವುದು ಎರಡನೆಯದು: ಹೊಸ ಡಿಸ್ಕ್ ಹಾಕಿದಿರಿ, ಓಡಲಿಲ್ಲ. ಹೋಗಲಿ ಅಂತ ನಿನ್ನೆಯವರೆಗೆ ಚೆನ್ನಾಗಿದ್ದ ಹಳೆ ಡಿಸ್ಕ್ ಹಾಕಿದರೆ ಈಗ ಅದೂ ಓಡುತ್ತಿಲ್ಲ! ಹೊಸ ಡಿಸ್ಕ್ ಏನೋ ಹಾಳು ಮಾಡಿತು ಅನ್ನಿಸುತ್ತದೆ, ಅಲ್ವಾ? ಒಂದು ಅರ್ಥದಲ್ಲಿ ನಿಜ. ರದ್ದಾದ ಸಾಫ್ಟ್‌ವೇರ್‌ಗಳ ಪಟ್ಟಿಯೊಂದು ಡಿಸ್ಕ್‌ನಲ್ಲೇ ಬರುತ್ತದೆ. ಹೊಸ ಪಟ್ಟಿ ಕಂಡರೆ ಡ್ರೈವ್ ಅದನ್ನು ತನ್ನ ಶಾಶ್ವತ ಮೆಮೊರಿಯಲ್ಲಿ ಬರೆದುಕೊಳ್ಳುತ್ತದೆ. ಆಮೇಲೆ ಆ ಪಟ್ಟಿಯಲ್ಲಿರುವ ಸಾಫ್ಟ್‌ವೇರ್ ಜೊತೆ ಡ್ರೈವ್ ಮಾತೇ ಆಡುವುದಿಲ್ಲ, ಡಿಸ್ಕ್ ಯಾವುದೇ ಇರಲಿ. ವಿಂಡೋಸ್ ಹೊಸದಾಗಿ ಹಾಕಿದರೂ ಇದು ಸರಿಹೋಗದು, ಯಾಕೆಂದರೆ ಪಟ್ಟಿ ಇರುವುದು ಡ್ರೈವ್‌ನೊಳಗೆ.

ಪರಿಹಾರ ಒಂದೇ, ಸಾಫ್ಟ್‌ವೇರ್ ಅಪ್‌ಡೇಟ್. ಇಂಟರ್ನೆಟ್ ಹಾಕಿ, ಸಾಫ್ಟ್‌ವೇರ್‌ನ ಒಳಗಿನಿಂದಲೇ ಅಪ್‌ಡೇಟ್ ಹುಡುಕಿಸಿ. ಫೈರ್‌ವಾಲ್ ತಡೆಯುತ್ತಿದ್ದರೆ ಅನುಮತಿ ಕೊಡಿ. ಅಲ್ಲಿ ಏನೂ ಇಲ್ಲ ಅಂದರೆ ಕಂಪನಿಯ ತಾಣದಿಂದ ನಿಮ್ಮ ಆವೃತ್ತಿಯ ಕೊನೆಯ ಪ್ಯಾಚ್ ಇಳಿಸಿ. ತಯಾರಕರು ಆ ಆವೃತ್ತಿಯನ್ನು ಕೈಬಿಟ್ಟಿದ್ದರೆ ಹೊಸದು ಕೊಳ್ಳುವುದು ಬಿಟ್ಟು ದಾರಿಯಿಲ್ಲ. ದುಡ್ಡು ಕೊಟ್ಟು ಕೊಂಡ ಡಿಸ್ಕ್, ದುಡ್ಡು ಕೊಟ್ಟು ಕೊಂಡ ಡ್ರೈವ್, ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ಇದ್ದೂ ಹೀಗಾಗುವುದು ನನಗಂತೂ ಅನ್ಯಾಯ ಅನ್ನಿಸುತ್ತದೆ. ಕದ್ದು ನೋಡುವವನಿಗೆ ಈ ಯಾವ ತಾಪತ್ರಯವೂ ಇಲ್ಲ.

ವಿಎಲ್‌ಸಿ ಅನ್ನುವ ಉಚಿತ ಪ್ಲೇಯರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೀಗವಿಲ್ಲದ ಡಿಸ್ಕ್‌ಗಳನ್ನು, ಉದಾಹರಣೆಗೆ ಮದುವೆ ವಿಡಿಯೋದವರು ಬರೆದುಕೊಟ್ಟ ಬ್ಲೂ-ರೇಯನ್ನು, ಅದು ಓಡಿಸುತ್ತದೆ. ಅಂಗಡಿಯ ಸಿನಿಮಾ ಡಿಸ್ಕ್‌ಗೆ ಅದರಲ್ಲಿ ಕೀಲಿ ಇಲ್ಲ. ಹೊರಗಿನಿಂದ ಕೀಲಿ ಫೈಲ್ ತಂದು ಸೇರಿಸುವ ವಿಧಾನಗಳು ಓಡಾಡುತ್ತವೆ, ಆದರೆ ಅಲ್ಲಿ ಕಾನೂನಿನ ತಕರಾರಿದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿಯುವುದನ್ನು ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿಸಿದ 65ಎ ಕಲಂ ನಮ್ಮಲ್ಲಿ ಅಪರಾಧ ಅನ್ನುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಅಲ್ಲಿನ ಕಾನೂನು ಇನ್ನೂ ಬಿಗಿ. ನಾನು ಆ ದಾರಿ ಹೇಳಿಕೊಡಲು ಹೋಗುವುದಿಲ್ಲ. ಆದರೆ ಪರೀಕ್ಷೆಗೆ ವಿಎಲ್‌ಸಿ ಉಪಯೋಗಿ: ಬೀಗವಿಲ್ಲದ ಡಿಸ್ಕ್ ಅದರಲ್ಲಿ ಓಡಿದರೆ ಡ್ರೈವ್, ಗ್ರಾಫಿಕ್ಸ್ ಎರಡೂ ಸರಿಯಿವೆ ಅಂತ ಆಯಿತು.

ಸಿನಿಮಾ ಶುರುವಾಗುವ ಮೊದಲು, ಮೆನು ಬರುವ ಹೊತ್ತಿಗೇ ಸಿಕ್ಕಿಹಾಕಿಕೊಳ್ಳುತ್ತಿದೆಯೇ? ಸೆಟ್ಟಿಂಗ್ಸ್‌ನಲ್ಲಿ ಬಿಡಿ-ಲೈವ್ (ಡಿಸ್ಕ್ ಇಂಟರ್ನೆಟ್‌ನಿಂದ ಹೆಚ್ಚುವರಿ ಸಾಮಗ್ರಿ ತರಿಸುವ ಸೌಲಭ್ಯ) ಆಫ್ ಮಾಡಿ. ಎಂದೋ ಮುಚ್ಚಿಹೋದ ಸರ್ವರ್‌ಗಾಗಿ ಡಿಸ್ಕ್ ಕಾಯುತ್ತಾ ಕೂತಿರಬಹುದು.

ಹೆಜ್ಜೆ 4: ಕಪ್ಪು ಪರದೆಗೆ ಕೇಬಲ್ ಹಿಡಿದು ನೋಡಿ

ಡಿಸ್ಕ್ ಓದುತ್ತದೆ, ಸಾಫ್ಟ್‌ವೇರ್ ಹೊಸದು, ಸದ್ದು ಕೂಡ ಬರಬಹುದು, ಚಿತ್ರ ಮಾತ್ರ ಇಲ್ಲ. ಅಥವಾ ಪರದೆ ಬೆಂಬಲಿಸುವುದಿಲ್ಲ ಅನ್ನುವ ಸಂದೇಶ. ಇದು ಎಚ್‌ಡಿಸಿಪಿ ಅನ್ನುವ ಎರಡನೇ ಬೀಗ. ಗ್ರಾಫಿಕ್ಸ್‌ನಿಂದ ಪರದೆಯವರೆಗೆ ನಡುವೆ ಇರುವ ಪ್ರತಿಯೊಂದೂ ಇದನ್ನು ಒಪ್ಪಬೇಕು.

ನನ್ನ ಪರಿಚಯದವರೊಬ್ಬರು ಹಾಲ್‌ನಲ್ಲಿ ಪ್ರೊಜೆಕ್ಟರ್ ಹಾಕಿದ್ದರು. ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ಹೊರಟು, ನಡುವೆ ಬೆರಳುದ್ದದ ಒಂದು ಕನ್ವರ್ಟರ್, ಅಲ್ಲಿಂದ ನೀಲಿ ಮೂತಿಯ ವಿಜಿಎ ವೈರ್, ಕೊನೆಗೆ ಪ್ರೊಜೆಕ್ಟರ್. ಯೂಟ್ಯೂಬ್ ಸಲೀಸಾಗಿ ಬರುತ್ತಿತ್ತು, ಡಿವಿಡಿಯೂ ಬರುತ್ತಿತ್ತು. ಬ್ಲೂ-ರೇ ಹಾಕಿದರೆ ಎರರ್. ಎಲ್ಲ ವೈರ್ ಕಿತ್ತು ಬರೀ ಲ್ಯಾಪ್‌ಟಾಪ್ ಪರದೆಯಲ್ಲಿ ಹಾಕಿದ ಕೂಡಲೇ ಸಿನಿಮಾ ಓಡಿತು. ತಪ್ಪಿತಸ್ಥ ಆ ಕನ್ವರ್ಟರ್. ವಿಜಿಎ ಅನಲಾಗ್ ದಾರಿ, ಅಲ್ಲಿ ಎಚ್‌ಡಿಸಿಪಿ ಅನ್ನುವುದೇ ಇಲ್ಲ.

ನೀವೂ ಹಾಗೇ ಮಾಡಿ. ಲ್ಯಾಪ್‌ಟಾಪ್ ಆದರೆ ಹೊರಗಿನ ಪರದೆಗಳನ್ನೆಲ್ಲ ಕಿತ್ತು ಅದರ ಸ್ವಂತ ಪರದೆಯಲ್ಲಿ ಓಡಿಸಿ. ಡೆಸ್ಕ್‌ಟಾಪ್ ಆದರೆ ಒಂದೇ ಪರದೆ, ಒಂದೇ ನೇರ ಎಚ್‌ಡಿಎಂಐ ಕೇಬಲ್. ಓಡಿತೇ? ಈಗ ಒಂದೊಂದೇ ಸೇರಿಸುತ್ತಾ ಬನ್ನಿ, ಎಲ್ಲಿ ನಿಲ್ಲುತ್ತದೋ ಅದೇ ಕಳ್ಳ. ಎರಡು ಪರದೆಗೆ ಒಂದೇ ಚಿತ್ರ ಹೋಗುವ ಹಾಗೆ ಇಟ್ಟಿದ್ದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ ಒಂದಕ್ಕೆ ಇಳಿಸಿ. ಎರಡರಲ್ಲಿ ಹಳೆಯದಕ್ಕೆ ಎಚ್‌ಡಿಸಿಪಿ ಇಲ್ಲದಿದ್ದರೆ ಹೊಸದರಲ್ಲೂ ಚಿತ್ರ ಬಾರದೇ ಹೋಗಬಹುದು. ಸ್ಕ್ರೀನ್ ರೆಕಾರ್ಡರ್, ದೂರದಿಂದ ಕಂಪ್ಯೂಟರ್ ನೋಡುವ ತಂತ್ರಾಂಶ, ಯುಎಸ್‌ಬಿಯಿಂದ ಪರದೆ ಕೊಡುವ ಡಾಕ್ ಇವೆಲ್ಲ ಇದೇ ಕಾರಣಕ್ಕೆ ಅಡ್ಡ ಬರುತ್ತವೆ. ಮಗ ಬೆಂಗಳೂರಿನಲ್ಲಿ ಕೂತು ಊರಿನ ಅಪ್ಪನ ಕಂಪ್ಯೂಟರನ್ನು ರಿಮೋಟ್‌ನಲ್ಲಿ ರಿಪೇರಿ ಮಾಡಲು ಹೊರಟರೆ, ಆ ರಿಮೋಟ್ ಸಂಪರ್ಕವೇ ಸಿನಿಮಾ ನಿಲ್ಲಿಸಿರಬಹುದು!

ಎಲ್ಲ ಸರಿಯಿದ್ದೂ ಕಪ್ಪಾಗಿಯೇ ಇದ್ದರೆ ಗ್ರಾಫಿಕ್ಸ್ ಡ್ರೈವರನ್ನು ತಯಾರಕರ ತಾಣದಿಂದ ಹೊಸದಾಗಿ ಹಾಕಿ.

ಹೆಜ್ಜೆ 5: ಚಿತ್ರ ತಡವರಿಸಿದರೆ

ಸಿನಿಮಾ ಓಡುವಾಗ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು ನೋಡಿ. ವಿಡಿಯೋ ಡಿಕೋಡ್ ಅನ್ನುವ ಗೆರೆ ಅಲುಗಾಡುತ್ತಿರಬೇಕು. ಅದು ಸೊನ್ನೆಯಲ್ಲಿದ್ದು ಸಿಪಿಯು ಏದುಸಿರು ಬಿಡುತ್ತಿದ್ದರೆ, ಸಾಫ್ಟ್‌ವೇರ್ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್ ಆನ್ ಮಾಡಿ. ಚಿತ್ರವನ್ನು ಚೆಂದ ಮಾಡುತ್ತೇವೆ ಅನ್ನುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಲ್ಯಾಪ್‌ಟಾಪ್‌ಗೆ ಚಾರ್ಜರ್ ಚುಚ್ಚಿ.

ಕ್ಯಾಮೆರಾ ಪಕ್ಕಕ್ಕೆ ಸರಿಯುವಾಗ ಮಾತ್ರ ಸಣ್ಣ ಜರ್ಕ್ ಕಂಡರೆ ಅದು ದೋಷವಲ್ಲ. ಹೆಚ್ಚಿನ ಸಿನಿಮಾಗಳು ಸೆಕೆಂಡಿಗೆ 23.976 ಚೌಕಟ್ಟು, ಪರದೆ 60 ಹರ್ಟ್ಜ್. ಲೆಕ್ಕ ಕೂಡುವುದಿಲ್ಲ. ಟಿವಿಗೆ ಜೋಡಿಸಿದ್ದರೆ ರಿಫ್ರೆಶ್ ದರವನ್ನು ವಿಂಡೋಸ್‌ನಲ್ಲಿ 23 ಅಂತ ಕಾಣುವುದಕ್ಕೆ ಬದಲಿಸಿ.

ಹೆಜ್ಜೆ 6: ಸದ್ದಿಲ್ಲದಿದ್ದರೆ

ಮೊದಲು ವಿಂಡೋಸ್‌ನಲ್ಲಿ ಸದ್ದು ಯಾವ ಕಡೆ ಹೋಗುತ್ತಿದೆ ನೋಡಿ. ಎಚ್‌ಡಿಎಂಐ ಚುಚ್ಚಿದಾಗ ಅದು ತಾನಾಗಿ ಟಿವಿಗೆ ಹೋಗಿರುತ್ತದೆ. ಆಮೇಲೆ ಸಾಫ್ಟ್‌ವೇರ್‌ನ ಆಡಿಯೋ ಆಯ್ಕೆಯಲ್ಲಿ ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ ಅಂತಿದ್ದರೆ ಪಿಸಿಎಂಗೆ ಬದಲಿಸಿ. ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿಗಳನ್ನು ಹಾಗೇ ಕಳಿಸಿದರೆ ಬಿಡಿಸಿಕೊಳ್ಳಲು ಆಚೆ ಕಡೆ ರಿಸೀವರ್ ಬೇಕು. ಎಷ್ಟೋ ಟಿವಿಗಳಿಗೆ ಅದು ಬರುವುದಿಲ್ಲ.

ಇಪ್ಪತ್ತು ನಿಮಿಷ ಸುಮಾರಿಗೆ ಇದ್ದಕ್ಕಿದ್ದಂತೆ ಸದ್ದು ನಿಂತು ಸಿನಾವಿಯಾ ಅನ್ನುವ ಸಂದೇಶ ಬಂದರೆ, ನಿಮ್ಮ ಕೈಯಲ್ಲಿರುವುದು ನಕಲು ಡಿಸ್ಕ್ ಅಂತ ಸಾಫ್ಟ್‌ವೇರ್ ತೀರ್ಮಾನಿಸಿದೆ. ಇದಕ್ಕೆ ಸೆಟ್ಟಿಂಗ್ ಇಲ್ಲ. ಅಸಲಿ ಅಂತ ಮಾರಿದ ಅಂಗಡಿಗೆ ಡಿಸ್ಕ್ ವಾಪಸ್ ಕೊಡಿ.

ಹೆಜ್ಜೆ 7: ವಿದೇಶದಿಂದ ತಂದ ಡಿಸ್ಕ್

ಅಮೆರಿಕದಿಂದ ಬರುವಾಗ ಮಗಳು ತಂದ ಡಿಸ್ಕ್ ಓಡುತ್ತಿಲ್ಲ ಅಂದರೆ ಡಬ್ಬದ ಹಿಂದೆ ನೋಡಿ. ಬ್ಲೂ-ರೇಗೆ ಮೂರು ವಲಯ. ಅಮೆರಿಕ, ಜಪಾನ್ ಎ. ಯುರೋಪ್, ಆಸ್ಟ್ರೇಲಿಯಾ ಬಿ. ಭಾರತ, ಚೀನಾ, ರಷ್ಯಾ ಸಿ. ಮೂರೂ ಅಕ್ಷರ ಇದ್ದರೆ ಎಲ್ಲ ಕಡೆ ಓಡುತ್ತದೆ. ಎ ಒಂದೇ ಇದ್ದರೆ ಸಾಫ್ಟ್‌ವೇರ್‌ನ ವಲಯ ಬದಲಿಸಬೇಕು. ಅದನ್ನು ಕೆಲವೇ ಸಲ ಬದಲಿಸಬಹುದು, ಐದು ಸಲ ಅನ್ನುವುದು ಸಾಮಾನ್ಯ ಮಿತಿ. ಸುಮ್ನೆ ಒತ್ತಿ ನೋಡೋಣ ಅಂತ ಖರ್ಚು ಮಾಡಬೇಡಿ. ಡಿವಿಡಿಯ ವಲಯ ಲೆಕ್ಕ ಬೇರೆ, ಅಲ್ಲಿ ಭಾರತ 5. 4ಕೆ ಡಿಸ್ಕ್‌ಗಳಿಗೆ ವಲಯದ ಕಾಟವೇ ಇಲ್ಲ.

ಹೆಜ್ಜೆ 8: 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್

ವಲಯದ ಕಾಟ ಇಲ್ಲ, ಉಳಿದ ಕಾಟ ಎಲ್ಲವೂ ಇದೆ. 50, 66 ಮತ್ತು 100 ಜಿಬಿಯ ಈ ಡಿಸ್ಕ್‌ಗಳಿಗೆ ಅಲ್ಟ್ರಾ ಎಚ್‌ಡಿ ಓದಬಲ್ಲ ಬೇರೆಯೇ ಡ್ರೈವ್ ಬೇಕು, ಎಚ್‌ಡಿಸಿಪಿ 2.2 ಇರುವ ಪರದೆ ಬೇಕು. ಇವೆರಡನ್ನೂ ದುಡ್ಡು ಕೊಟ್ಟು ತರಬಹುದು. ಸಿಕ್ಕಿಬೀಳುವುದು ಪ್ರೊಸೆಸರ್ ಹತ್ತಿರ. ಪಿಸಿಯಲ್ಲಿ ಅಧಿಕೃತವಾಗಿ ಇವನ್ನು ಓಡಿಸಲು ಇಂಟೆಲ್‌ನ ಎಸ್‌ಜಿಎಕ್ಸ್ ಅನ್ನುವ ಸುರಕ್ಷತಾ ಸೌಲಭ್ಯ ಬೇಕೆಂದು ನಿಯಮ ಮಾಡಿದರು. ಏಳನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳಿಂದ ಇದು ನಡೆಯಿತು. ಹನ್ನೊಂದನೇ ತಲೆಮಾರು ಬಂದಾಗ ಇಂಟೆಲ್ ಮನೆಬಳಕೆಯ ಚಿಪ್‌ಗಳಿಂದ ಆ ಸೌಲಭ್ಯವನ್ನೇ ಕಿತ್ತುಹಾಕಿತು. ಎಎಮ್‌ಡಿಯಲ್ಲಿ ಅದು ಮೊದಲಿಂದಲೂ ಇಲ್ಲ. ಹೀಗಾಗಿ ಲಕ್ಷ ರೂಪಾಯಿಯ ಹೊಚ್ಚ ಹೊಸ ಕಂಪ್ಯೂಟರ್ ಓಡಿಸಲಾಗದ್ದನ್ನು ಹಳೆ ಏಳನೇ ತಲೆಮಾರಿನದು ಓಡಿಸಿದ್ದೂ ಉಂಟು.

ನಿಮ್ಮದು ಏಳರಿಂದ ಹತ್ತರೊಳಗಿನ ಇಂಟೆಲ್ ಆದರೆ ಬಯಾಸ್‌ಗೆ (ಕಂಪ್ಯೂಟರ್ ಏಳುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್) ಹೋಗಿ ಎಸ್‌ಜಿಎಕ್ಸ್ ಆನ್ ಆಗಿದೆಯೇ ನೋಡಿ. ಪರದೆಯ ಕೇಬಲ್ ಮದರ್‌ಬೋರ್ಡ್‌ನ ಎಚ್‌ಡಿಎಂಐಗೆ ಇರಲಿ, ಬೇರೆ ಗ್ರಾಫಿಕ್ಸ್ ಕಾರ್ಡ್‌ಗಲ್ಲ. ಪವರ್‌ಡಿವಿಡಿ ತಯಾರಿಸುವ ಸೈಬರ್‌ಲಿಂಕ್‌ನವರ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಅಡ್ವೈಸರ್ ಅನ್ನುವ ಉಚಿತ ಪರೀಕ್ಷಕ ಯಾವುದು ಇದೆ, ಯಾವುದು ಇಲ್ಲ ಅಂತ ಸಾಲು ಸಾಲಾಗಿ ತೋರಿಸುತ್ತದೆ. ಸಾಫ್ಟ್‌ವೇರ್ ಕೊಳ್ಳುವ ಮೊದಲೇ ಅದನ್ನು ಓಡಿಸಿ. ಹೊಸ ಪ್ರೊಸೆಸರ್ ಇರುವವರು ಇಲ್ಲಿಗೇ ಕೈಬಿಡಿ. ಡಿಸ್ಕ್ ಡ್ರೈವ್ ಇರುವ ಪಿಎಸ್5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮನೆಯಲ್ಲಿದ್ದರೆ ಅದರಲ್ಲಿ ಹಾಕಿ, ಓಡುತ್ತದೆ. ಪಿಎಸ್4 ಸಾಮಾನ್ಯ ಬ್ಲೂ-ರೇಗೆ ಸಾಕು, 4ಕೆ ಡಿಸ್ಕ್‌ಗೆ ಆಗದು.

ಕೊನೆಗೂ ಆಗದಿದ್ದರೆ

ಈಗ ಸಾಫ್ಟ್‌ವೇರ್ ಪೂರ್ತಿ ಕಿತ್ತು, ರೀಸ್ಟಾರ್ಟ್ ಮಾಡಿ, ಹೊಸದಾಗಿ ಹಾಕಲು ಅಡ್ಡಿಯಿಲ್ಲ. ಲೈಸೆನ್ಸ್ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ. ಅದರಿಂದಲೂ ಆಗದಿದ್ದರೆ ಕಂಪನಿಗೆ ಬರೆಯಿರಿ. ‘ಓಡುತ್ತಿಲ್ಲ’ ಅಂತ ಮಾತ್ರ ಬರೆದರೆ ಸಿಗುವುದು ‘ಅಪ್‌ಡೇಟ್ ಮಾಡಿ ನೋಡಿ’ ಅನ್ನುವ ಸಿದ್ಧ ಉತ್ತರ. ಎರರ್ ನಂಬರಿನ ಫೋಟೋ, ಸಾಫ್ಟ್‌ವೇರ್‌ನ ಪೂರ್ತಿ ಆವೃತ್ತಿ ಸಂಖ್ಯೆ, ಡಿವೈಸ್ ಮ್ಯಾನೇಜರ್‌ನಲ್ಲಿ ಕಾಣುವ ಡ್ರೈವ್ ಹೆಸರು, ಗ್ರಾಫಿಕ್ಸ್ ಮತ್ತು ಅದರ ಡ್ರೈವರ್ ಆವೃತ್ತಿ, ಯಾವ ಸಿನಿಮಾ, ಯಾವ ದೇಶದ ಡಿಸ್ಕ್ ಇಷ್ಟನ್ನೂ ಮೊದಲ ಪತ್ರದಲ್ಲೇ ಹಾಕಿ. ಜೊತೆಗೆ ಹೆಜ್ಜೆ 2ರ ಕಾಪಿ ವೇಗ ಎಷ್ಟು ಬಂತು, ಒಂದೇ ಪರದೆಯಲ್ಲಿ ಹಾಕಿದಾಗ ಏನಾಯಿತು ಅಂತಲೂ ಬರೆಯಿರಿ. ಡಿಸ್ಕ್ ಒರೆಸಿ, ಕೇಬಲ್ ಬದಲಿಸಿ ಅನ್ನುವ ಮೊದಲ ಎರಡು ಸುತ್ತಿನ ಪತ್ರಗಳು ಇದರಿಂದ ಉಳಿಯುತ್ತವೆ.